ಟ್ರ್ಯಾಕ್ಟರ್ ಬ್ಯಾಟರಿ: ಕೊಳ್ಳುವ ಮುನ್ನ, ಕೂರಿಸುವಾಗ

ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ. ಬೀಜ, ಗೊಬ್ಬರ ಟ್ರೈಲರಿನಲ್ಲಿವೆ. ಕೂರಿಗೆಯನ್ನು ಕಟ್ಟಿಯಾಗಿದೆ. ಕೀಲಿ ತಿರುಗಿಸಿದರೆ ಟ್ರ್ಯಾಕ್ಟರು 'ಟಕ್' ಎಂದು ಸುಮ್ಮನಾಗುತ್ತದೆ. ರೈತ ಬಾಂಧವರೇ, ಈ ಸಂಕಟ ನಿಮ್ಮಲ್ಲಿ ಹಲವರಿಗೆ ಹೊಸದೇನಲ್ಲ.

ನನ್ನ ವಲಯದ ರೈತರೊಬ್ಬರು ಇಂಥದೇ ದಿನ ಪೇಟೆಗೆ ಓಡಿ, ಕೈಗಡ ಮಾಡಿ ಹೊಸ ಬ್ಯಾಟರಿ ತಂದರು. ಕೂರಿಸಿದ ಮೇಲೂ ಅದೇ 'ಟಕ್'. ಮರುದಿನ ಮೆಕ್ಯಾನಿಕ್ ಬಂದು ನೋಡಿದಾಗ ತಿಳಿದದ್ದು ಇಷ್ಟೇ: ಅರ್ಥ್ ಪಟ್ಟಿಯು ಚಾಸಿಗೆ ಸೇರುವ ಬೋಲ್ಟಿನಲ್ಲಿ ತುಕ್ಕು ಹಿಡಿದಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದೊಡನೆ ಟ್ರ್ಯಾಕ್ಟರು ಎದ್ದಿತು. ಆದರೆ ಅಷ್ಟರಲ್ಲಿ ಎರಡು ದಿನದ ಬಿಸಿಲಿಗೆ ಮೇಲ್ಮಣ್ಣಿನ ಹದ ಆರಿಹೋಗಿ, ಹೆಸರು ಬಿತ್ತನೆಗೆ ಇನ್ನೊಂದು ಮಳೆ ಕಾಯಬೇಕಾಯಿತು.

ಆದ್ದರಿಂದ ಹಣ ಬಿಚ್ಚುವ ಮೊದಲು ಪರೀಕ್ಷೆ ಮಾಡಿರಿ. ದೀಪ ಹಾಕಿಕೊಂಡು ಸೆಲ್ಫ್ ಕೊಡಿ. ದೀಪ ಪೂರಾ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೆ ತಂತಿ ಕೂಡುವ ಜಾಗ ಕೆಟ್ಟಿದೆ. ದೀಪ ಹಾಗೆಯೇ ಉರಿಯುತ್ತಿದ್ದು ಇಂಜಿನ್ ಮಾತ್ರ ತಿರುಗದಿದ್ದರೆ ತಪ್ಪು ಸ್ವಿಚ್ಚಿನಲ್ಲೋ ಸೆಲ್ಫ್ ಮೋಟಾರಿನಲ್ಲೋ ಇರುವ ಸಂಭವ ಹೆಚ್ಚು. (ಕೆಲವು ಟ್ರ್ಯಾಕ್ಟರುಗಳು ಕ್ಲಚ್ ಒತ್ತದೆ ಚಾಲೂ ಆಗುವುದೇ ಇಲ್ಲ, ಅದನ್ನು ಮರೆತು ಮೆಕ್ಯಾನಿಕ್ಕಿಗೆ ಹೇಳಿಕಳಿಸಿದವರೂ ಉಂಟು.) ಸೆಲ್ಫ್ ಕೊಟ್ಟ ಮೇಲೆ ತಂತಿಯ ಕೂಡುಗಳನ್ನು ಮುಟ್ಟಿ ನೋಡಿ. ಬಿಸಿಯಾಗಿರುವ ಕೂಡೇ ಕೆಟ್ಟ ಕೂಡು.

ಮನೆಯಲ್ಲಿ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದು ತಿಳಿಯಿರಿ. 12ಕ್ಕೆ ಇಳಿದಿದ್ದರೆ ಬರಿದಾದಂತೆಯೇ. ಬರಿದಾದದ್ದೆಲ್ಲ ಕೆಟ್ಟದ್ದಲ್ಲ, ಚಾರ್ಜ್ ಮಾಡಿಸಿ ಮತ್ತೆ ನೋಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಸೆಲ್ಫ್ ಕೊಡುವಾಗ 9.6 ವೋಲ್ಟಿಗಿಂತ ಕೆಳಕ್ಕೆ ಕುಸಿದರೆ ಅದರ ಆಯುಷ್ಯ ತೀರುತ್ತ ಬಂದಿದೆ. ಒಳಗೆ ಆರು ಕೋಣೆಗಳಿವೆ. ಹೈಡ್ರೋಮೀಟರಿನಲ್ಲಿ ಐದು ಕೋಣೆಗಳು 1.25ರ ಆಸುಪಾಸು ತೋರಿಸಿ ಒಂದು ಮಾತ್ರ 1.15 ತೋರಿಸಿದರೆ ಆ ಬ್ಯಾಟರಿಯ ಆಸೆ ಬಿಡಿ. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಗಾಡಿ ನಿಂತಂತೆಯೇ.

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಡೈನಮೋ ಕೆಟ್ಟಿದೆ ಅಥವಾ ಫ್ಯಾನ್ ಬೆಲ್ಟ್ ಸಡಿಲವಾಗಿದೆ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ.

ಕೊಳ್ಳಲೇಬೇಕಾದರೆ ಹಳೆಯದರ ಮೇಲಿನ ಚೀಟಿಯನ್ನೂ ಟ್ರ್ಯಾಕ್ಟರಿನ ಕೈಪಿಡಿಯನ್ನೂ ನೋಡಿ, ಅಷ್ಟೇ ಆಂಪಿಯರ್-ಅವರ್‌ನದನ್ನು ತನ್ನಿರಿ. 40-50 ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 75ರಿಂದ 100ರವರೆಗಿನದು ಬೇಕಾಗುತ್ತದೆ. ಉದ್ದ, ಅಗಲ, ಪ್ಲಸ್ ಯಾವ ಬದಿಗೆ ಇದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಮೇಲು. ಬದಿ ತಪ್ಪಿದರೆ ತಂತಿ ಮುಟ್ಟುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ತಂದು ಟ್ರ್ಯಾಕ್ಟರಿಗೆ ಹಾಕಬೇಡಿ. ಅದು ನಿಧಾನವಾಗಿ ಬಹಳ ಹೊತ್ತು ಕೊಡಲು ಮಾಡಿದ್ದು. ಇದು ಕ್ಷಣಮಾತ್ರದಲ್ಲಿ ಬಲವಾಗಿ ಕೊಡಲು ಮಾಡಿದ್ದು. ತಯಾರಾದ ತಿಂಗಳನ್ನು ಕೇಳಿರಿ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತದ್ದು ಬೇಡ. ಗ್ಯಾರಂಟಿ ಕಾರ್ಡಿಗೆ ದಿನಾಂಕ, ಮೊಹರು ಹಾಕಿಸದೆ ಅಂಗಡಿ ಬಿಟ್ಟು ಹೊರಡಬಾರದು. ಎಷ್ಟು ತಿಂಗಳವರೆಗೆ ಪುಕ್ಕಟೆ ಬದಲಿ, ಎಷ್ಟರ ಮೇಲೆ ಬರಿಯ ರಿಯಾಯಿತಿ ಎಂಬುದನ್ನು ಬೇರೆ ಬೇರೆಯಾಗಿ ಕೇಳಿ ತಿಳಿಯಿರಿ.

ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಉಂಗುರ, ಗಡಿಯಾರ ತೆಗೆದಿಡಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕಡೆಗೆ ಮೈನಸ್. ಕಾರಣವೇನೆಂದರೆ, ಟ್ರ್ಯಾಕ್ಟರಿನ ಇಡೀ ಮೈ ಮೈನಸ್ಸಿಗೆ ಸೇರಿರುತ್ತದೆ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಹೋಗಿ ಸ್ಪ್ಯಾನರು ಮೈಗೆ ತಾಗಿದರೆ ಬೆಂಕಿ ಸಿಡಿದು ಸ್ಪ್ಯಾನರೇ ಕೆಂಪಗಾಗಬಹುದು. ತಂತಿಯ ತುದಿಗೆ ಹಿಡಿದ ಬಿಳಿ-ಹಸಿರು ಬೂಷ್ಟನ್ನು ನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆಯಿರಿ. ಆ ನೀರು ಕೋಣೆಯೊಳಗೆ ಇಳಿಯಬಾರದು. ತುದಿ ಕೂರದಿದ್ದರೆ ಸುತ್ತಿಗೆಯಿಂದ ಬಡಿಯದೆ ಕ್ಲಾಂಪನ್ನು ಅಗಲಿಸಿ ಕೂರಿಸಿ. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿರಿ. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯನ್ನು ಕಟ್ಟಲು ಮರೆಯಬೇಡಿ. ಉಳುಮೆಯ ಕುಲುಕಾಟದಲ್ಲಿ ಸಡಿಲ ಬ್ಯಾಟರಿಯ ಪ್ಲೇಟುಗಳು ಬಹಳ ದಿನ ಬಾಳುವುದಿಲ್ಲ.

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಮುಸ್ಸಂಜೆಯಲ್ಲಿ ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಿದ ಯುವಕನೊಬ್ಬನನ್ನು ನಾನು ಬಲ್ಲೆ. ಮುಚ್ಚಳ ಸಿಡಿದು ಆಸಿಡ್ ಮುಖಕ್ಕೆ ಎರಚಿತು. ಪಕ್ಕದಲ್ಲೇ ದನಗಳಿಗೆಂದು ತುಂಬಿಟ್ಟಿದ್ದ ನೀರಿನ ಡ್ರಮ್ಮಿತ್ತು. ಅಣ್ಣನಾದವನು ಅವನ ತಲೆ ಹಿಡಿದು ಬಿಡದೆ ನೀರು ಸುರಿದ. ಕಣ್ಣು ಉಳಿಯಿತು, ಕೆನ್ನೆಯ ಕಲೆ ಈಗಲೂ ಇದೆ. ಬ್ಯಾಟರಿ ಕೆಲಸಕ್ಕೆ ಕೂರುವ ಮೊದಲು ಎರಡು ಬಿಂದಿಗೆ ನೀರು ಹತ್ತಿರ ಇಟ್ಟುಕೊಳ್ಳಿ, ಬೀಡಿಯನ್ನು ದೂರವಿಡಿ. ಆಸಿಡ್ ಬಿದ್ದರೆ ಹದಿನೈದು ನಿಮಿಷ ತೊಳೆದು, ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಬೇಕು.

ಮುಚ್ಚಳ ತೆಗೆಯುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಸಲ್ಲದು. ಕೊಳವೆಬಾವಿಯ ನೀರಿನ ಲವಣ ಪ್ಲೇಟನ್ನು ಕೆಡಿಸುತ್ತದೆ. ಆಸಿಡನ್ನೂ ಸೇರಿಸಬೇಡಿ, ಆರಿಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. ಬಿತ್ತನೆ ಮುಗಿದು ಟ್ರ್ಯಾಕ್ಟರು ತಿಂಗಳುಗಟ್ಟಲೆ ನಿಲ್ಲುವುದಾದರೆ ಮೈನಸ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿರಿ. ಖಾಲಿಯಾಗಿಯೇ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಗಟ್ಟಿಯಾದ ಹರಳು ಕಟ್ಟುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ.

ಹಳೆಯ ಬ್ಯಾಟರಿಯನ್ನು ಸೀಸದ ಆಸೆಗೆ ಅಂಗಳದಲ್ಲಿ ಒಡೆಯುವವರಿದ್ದಾರೆ. ಒಡೆದ ಪ್ಲೇಟನ್ನು ನೆಕ್ಕಿದ ದನಕ್ಕೆ ಸೀಸದ ವಿಷವೇರಿ, ಕುರುಡಾಗಿ ಗೋಡೆಗೆ ತಲೆಯೊತ್ತಿ ಸಾಯುತ್ತದೆ. ಆಡುವ ಮಕ್ಕಳಿಗೂ ಆ ಧೂಳು ವಿಷವೇ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗಲೇ ಅದನ್ನು ಅಂಗಡಿಗೆ ಒಯ್ದು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು ಬರೆಸಿಕೊಳ್ಳಿರಿ.