ಗಿಡ ನೆಟ್ಟ ಮರುದಿನ

ಜೂನ್ 5. ಶಾಲೆಯ ಅಂಗಳದಲ್ಲಿ ಗುಂಡಿ ತೆಗೆದಾಗಿದೆ. ಅತಿಥಿಗಳು ಬರುತ್ತಾರೆ, ಗಿಡ ಇಳಿಸುತ್ತಾರೆ, ಬಿಂದಿಗೆಯಿಂದ ನೀರು ಹೊಯ್ಯುತ್ತಾರೆ. ಫೋಟೊ ಆಗುತ್ತದೆ, ಮಕ್ಕಳಿಗೆ ಚಾಕೊಲೇಟು ಸಿಗುತ್ತದೆ. ಮಳೆಗಾಲವಿಡೀ ಗಿಡ ನಳನಳಿಸುತ್ತದೆ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಅದರ ಕಡೆ ಯಾರೂ ಸುಳಿಯುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಎಲೆ ಉದುರುತ್ತದೆ. ಪರೀಕ್ಷೆ ಮುಗಿಯುವಷ್ಟರಲ್ಲಿ ಅದೊಂದು ಒಣಕಡ್ಡಿ. ಮುಂದಿನ ಜೂನ್ 5ಕ್ಕೆ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ!

ಮಕ್ಕಳೇ, ಇದು ನಿಮ್ಮ ಶಾಲೆಯ ಕಥೆ ಆಗದಿರಲಿ. ನಮ್ಮ ದೇಶದಲ್ಲಿ ವನಮಹೋತ್ಸವ ಶುರುವಾದದ್ದು 1950ರ ಜುಲೈಯಲ್ಲಿ. ಆಗ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಷಿ ಅದನ್ನು ಆರಂಭಿಸಿದರು. ನಿಮ್ಮ ಅಜ್ಜ, ಅಜ್ಜಿ ಕೂಡ ಶಾಲೆಯಲ್ಲಿದ್ದಾಗ ಗಿಡ ನೆಟ್ಟಿರುತ್ತಾರೆ. ಅದರಲ್ಲಿ ಎಷ್ಟು ಮರವಾದವು ಎಂದು ಒಮ್ಮೆ ಕೇಳಿ ನೋಡಿ. ನೆಡುವುದು ನಮಗೆಲ್ಲ ಚೆನ್ನಾಗಿ ಗೊತ್ತು. ಮರುದಿನದಿಂದ ಏನು ಮಾಡಬೇಕು ಎಂಬುದೇ ಈ ವಾರದ ಮಾತು. ಅದಕ್ಕೆ ಶಿವಮೊಗ್ಗ ಮತ್ತು ಭದ್ರಾವತಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಬೆಂಕಿಪುರದ ಪಾಠ

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಭದ್ರಾ ಹೊಳೆಯ ದಡದ ಈ ಊರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಕಬ್ಬಿಣದ ಕಾರ್ಖಾನೆ ಎದ್ದಿತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿ ಹರಿಯಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಆದರೆ ಕುಲುಮೆ ಉರಿಯಲು ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲಿಯೂ ಇರಲಿಲ್ಲ. ಹತ್ತಿರದಲ್ಲಿ ಇದ್ದದ್ದು ಕಾಡು. ಹಾಗಾಗಿ ಮರವನ್ನು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ತೆಗೆದರು. ಒಂದು ಟನ್ ಇದ್ದಿಲಿಗೆ ಹಲವು ಟನ್ ಸೌದೆ ಬೇಕು. ಸೌದೆ ಸಾಗಿಸಲು ಕಾಡಿನೊಳಕ್ಕೆ ಟ್ರಾಮ್ ಹಳಿಗಳೇ ಹೋದವು. ಸಾವಿರಾರು ಮನೆಗಳಿಗೆ ಆ ಕಾರ್ಖಾನೆ ಅನ್ನ ಕೊಟ್ಟಿತು. ಅದರ ಬೆಲೆಯಲ್ಲಿ ಒಂದು ಪಾಲನ್ನು ಕಾಡು ಕೊಟ್ಟಿತು.

1936ರಲ್ಲಿ ಅದೇ ಊರಿನಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎಂಪಿಎಂ ಎಂದರೆ ಎಲ್ಲರಿಗೂ ಗೊತ್ತು. ಕಾಗದಕ್ಕೂ ಮರ ಬೇಕು. 1980ರಲ್ಲಿ ಸರ್ಕಾರ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕಾರ್ಖಾನೆಗೆ ಕೊಟ್ಟಿತು. ಅಲ್ಲಿ ಹೆಚ್ಚಾಗಿ ಎದ್ದು ನಿಂತದ್ದು ಅಕೇಶಿಯಾ ಮತ್ತು ನೀಲಗಿರಿ.

ಅಕೇಶಿಯಾ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ. ಅದರ ಒಂದು ಗುಟ್ಟು ಹೇಳಲೇ? ನಾವು ಎಲೆ ಎಂದುಕೊಂಡಿರುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು! ಬೀಜ ಮೊಳೆತಾಗ ಮೊದಲು ಬರುವ ಎಲೆಗಳು ಸೀಗೆ ಎಲೆಯ ಹಾಗೆ ಸಣ್ಣಸಣ್ಣ ಗರಿ. ಆಮೇಲೆ ಗರಿ ಮಾಯವಾಗಿ ತೊಟ್ಟು ಅಗಲವಾಗುತ್ತದೆ. ಎಲೆಯ ಕೆಲಸವನ್ನೆಲ್ಲ ಆ ತೊಟ್ಟೇ ಮಾಡುತ್ತದೆ. ಬಡ ಮಣ್ಣಿನಲ್ಲೂ ಬೇಗ ಬೆಳೆಯುತ್ತದೆ, ಬೇರಿನ ಗಂಟುಗಳಿಂದ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಒಲೆಗೆ ಸೌದೆಯಾಗುತ್ತದೆ. ಹಾಗಾಗಿ ಮರವನ್ನೇ ಕೆಟ್ಟದ್ದು ಎನ್ನಲು ಬರುವುದಿಲ್ಲ.

ತೊಂದರೆ ಆದದ್ದು ಗುಡ್ಡಕ್ಕೆ ಗುಡ್ಡವೇ ಒಂದೇ ಮರ ಆದಾಗ. ನೇರಳೆ ಇಲ್ಲ, ಹಲಸಿಲ್ಲ, ಅತ್ತಿಯಿಲ್ಲ. ಹಕ್ಕಿಗೆ, ಮಂಗನಿಗೆ, ಬಾವಲಿಗೆ ಅಲ್ಲಿ ಉಣ್ಣಲು ಏನೂ ಇಲ್ಲ. ದಪ್ಪ ಎಲೆ ಬೇಗ ಕೊಳೆಯುವುದಿಲ್ಲ. 2015ರ ಸುಮಾರಿಗೆ ಕಾಗದ ಕಾರ್ಖಾನೆ ನಿಂತುಹೋಯಿತು, 2020ರಲ್ಲಿ ಗುತ್ತಿಗೆಯ ಅವಧಿಯೂ ಮುಗಿಯಿತು. ಆ ಭೂಮಿಯನ್ನು ಸಹಜ ಕಾಡಾಗಲು ಬಿಡಿ, ಮತ್ತೆ ಅಕೇಶಿಯಾ ಬೇಡ ಎಂದು ಮಲೆನಾಡಿನ ಜನ ಒಟ್ಟಾಗಿ ದನಿ ಎತ್ತಿದರು. ಅಲ್ಲಿ ನೆಟ್ಟದ್ದು ಭತ್ತ, ಕಬ್ಬಿನ ಹಾಗೆ ಒಂದು ಬೆಳೆ. ಅದನ್ನು ಕಾಡೆಂದು ಕರೆದ ಮಾತ್ರಕ್ಕೆ ಕಾಡಾಗಲಿಲ್ಲ.

ಹತ್ತರಲ್ಲಿ ಒಂದು

ಗುಡ್ಡದ ಪಾಠ ನಮ್ಮ ಬೀದಿಗೂ ಶಾಲೆಯ ಅಂಗಳಕ್ಕೂ ಅನ್ವಯಿಸುತ್ತದೆ. ಯುರೋಪ್, ಅಮೆರಿಕದ ಊರುಗಳಲ್ಲಿ ಒಂದು ಕಾಲಕ್ಕೆ ರಸ್ತೆಯ ಎರಡೂ ಬದಿ ಎಲ್ಮ್ ಎಂಬ ಮರದ್ದೇ ಸಾಲು. ನೋಡಲು ಬಲು ಚಂದ. ಒಂದು ಶಿಲೀಂಧ್ರ ರೋಗ ಬಂತು. ತೊಗಟೆಯೊಳಗಿನ ಸಣ್ಣ ಜೀರುಂಡೆ ಅದನ್ನು ಮರದಿಂದ ಮರಕ್ಕೆ ದಾಟಿಸಿತು. ಲಕ್ಷಗಟ್ಟಲೆ ಮರಗಳು ಒಣಗಿದವು, ಬೀದಿಗೆ ಬೀದಿಯೇ ಬೋಳಾಯಿತು. ಅಡಿಕೆಗೆ ಎಲೆಚುಕ್ಕೆ ರೋಗ ಬಂದಾಗ ತೋಟದಿಂದ ತೋಟಕ್ಕೆ ಹೇಗೆ ಹರಡಿತು ಎಂಬುದನ್ನು ಮಲೆನಾಡಿನವರು ಕಣ್ಣಾರೆ ನೋಡಿದ್ದಾರೆ.

ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ ಸಾಂಟಮೋರ್ 1990ರಲ್ಲಿ ಒಂದು ಸುಲಭದ ಲೆಕ್ಕ ಹೇಳಿದರು. ಊರಿನ ಮರಗಳಲ್ಲಿ ಯಾವುದೇ ಒಂದು ಜಾತಿ ನೂರಕ್ಕೆ ಹತ್ತನ್ನು ಮೀರಬಾರದು. ನಿಮ್ಮ ಶಾಲೆಯಲ್ಲಿ 50 ಮರಗಳಿದ್ದರೆ ಒಂದೇ ಬಗೆಯವು ಐದಕ್ಕಿಂತ ಹೆಚ್ಚು ಬೇಡ. ನಾಳೆಯೇ ಎಣಿಸಿ ನೋಡಿ.

ಯಾವ ಮರ ನೆಡೋಣ? ನಮ್ಮಲ್ಲಿ ಆಯ್ಕೆಗೆ ಬರವಿಲ್ಲ. ನೆರಳಿಗೆ ಹೊಂಗೆ, ಬೇವು, ಮತ್ತಿ, ಹೊನ್ನೆ. ಹೂವಿಗೆ ಕಕ್ಕೆ, ಸಂಪಿಗೆ, ಹೊಳೆದಾಸವಾಳ, ಬಕುಳ. ಹಣ್ಣಿಗೆ ನೇರಳೆ, ಹಲಸು, ಮಾವು. ತುಂಗೆ, ಭದ್ರೆಯ ದಡಕ್ಕೆ ಹೊಳೆಮತ್ತಿ. ವಿದ್ಯುತ್ ತಂತಿಯ ಕೆಳಗಾದರೆ ಪಾರಿಜಾತ, ಕರಿಬೇವಿನಂಥ ಗಿಡ್ಡ ಮರ ಸಾಕು. ಅಲ್ಲಿ ಎತ್ತರದ ಮರ ನೆಟ್ಟರೆ ವರ್ಷವರ್ಷವೂ ತಲೆ ಕಡಿಸಿಕೊಂಡು ಅದು ರೋಗಿಯಾಗುತ್ತದೆ. ಆಲ, ಅರಳಿ, ಅತ್ತಿಗೆ ದೊಡ್ಡ ಜಾಗ ಬೇಕು. ಪಾರ್ಕು, ದೇವಸ್ಥಾನದ ಬಯಲು, ಕೆರೆ ಏರಿಯ ಪಕ್ಕದ ಖಾಲಿ ಜಾಗ ಇದ್ದರೆ ಒಂದಾದರೂ ಇರಲಿ. ಅದು ಹಣ್ಣು ಬಿಟ್ಟ ದಿನ ಕುಟ್ರು ಹಕ್ಕಿ, ಕೋಗಿಲೆ, ಬಾವಲಿಗಳಿಗೆಲ್ಲ ಮದುವೆ ಊಟ.

ಕಾಣದ ಅರ್ಧ

ಮರದ ಬೇರು ಎಷ್ಟು ಆಳಕ್ಕೆ ಹೋಗಿರುತ್ತದೆ? ಮರ ಎಷ್ಟು ಎತ್ತರವೋ ಅಷ್ಟೇ ಆಳ ಎಂದು ಬಹಳ ಮಂದಿ ಹೇಳುತ್ತಾರೆ. ನಿಜ ಬೇರೆಯೇ ಇದೆ. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅಗಲಕ್ಕಾದರೋ ಮರದ ನೆರಳನ್ನೂ ದಾಟಿ ಹರಡಿರುತ್ತವೆ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯನ್ನೇ ಅದು ಬಳಸುತ್ತದೆ.

ಈಗ ನಿಮ್ಮ ಬೀದಿಯ ಮರ ನೆನಪಿಸಿಕೊಳ್ಳಿ. ಬುಡದವರೆಗೆ ಸಿಮೆಂಟು, ಅದರ ಮೇಲೆ ಟೈಲ್ಸು. ಮಳೆನೀರು ಇಳಿಯುವುದಿಲ್ಲ, ಗಾಳಿ ಹೋಗುವುದಿಲ್ಲ. ಚರಂಡಿಗೋ ಕೇಬಲ್ಲಿಗೋ ಒಂದು ಬದಿಯ ಬೇರು ಕತ್ತರಿಸಿಹೋಗಿದೆ. ಮರ ಆ ದಿನವೇ ಸಾಯುವುದಿಲ್ಲ. ಐದಾರು ವರ್ಷ ಹಸಿರಾಗಿಯೇ ನಿಂತಿದ್ದು, ಒಂದು ಆಷಾಢದ ಗಾಳಿಗೆ ಧೊಪ್ಪನೆ ಬೀಳುತ್ತದೆ. ಕೆಳಗೆ ಆಟೊ ಇರಬಹುದು, ಮನುಷ್ಯರಿರಬಹುದು. ಜನ ಮಳೆಯನ್ನು ಬೈಯುತ್ತಾರೆ, ಮರವನ್ನು ಬೈಯುತ್ತಾರೆ. ಪಕ್ಕದ ನಾಲ್ಕು ಗಟ್ಟಿ ಮರಗಳನ್ನೂ ಕಡಿಯಿರಿ ಎನ್ನುತ್ತಾರೆ. ಸಿಮೆಂಟಿನ ಮಾತು ಯಾರೂ ಎತ್ತುವುದಿಲ್ಲ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಒಂದು ಆದೇಶ ಕೊಟ್ಟಿತು. ಮರದ ಸುತ್ತ ಒಂದು ಮೀಟರ್‌ವರೆಗೆ ಕಾಂಕ್ರೀಟ್ ಇರಬಾರದು, ಇದ್ದರೆ ತೆಗೆಯಬೇಕು ಎಂದು. ಒಂದು ಮೀಟರ್ ಎಂದರೆ ಎಷ್ಟು? ಒಬ್ಬ ದೊಡ್ಡವರ ಒಂದು ದಾಪುಗಾಲು, ಅಷ್ಟೇ. ನಿಮ್ಮ ಮನೆ ಮುಂದಿನ ಮರಕ್ಕೆ ಅಷ್ಟು ಜಾಗ ಇದೆಯೇ? ಇಲ್ಲದಿದ್ದರೆ ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಗೆ, ಭದ್ರಾವತಿಯಲ್ಲಿ ನಗರಸಭೆಗೆ ಅರ್ಜಿ ಬರೆಯಬಹುದು. ಅಕ್ಷರ ಮೊಮ್ಮಗಳದ್ದು, ಸಹಿ ಅಜ್ಜನದ್ದು.

ಇನ್ನೊಂದು ವಿಷಯ. ನಗರದಲ್ಲಿ ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣೆ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳನ್ನು ಬಿಟ್ಟರೆ ನಮ್ಮ ಸ್ವಂತ ಹಿತ್ತಲಿನ ಮರಕ್ಕೂ ಈ ನಿಯಮ ಇದೆ.

ದರಗು ಕಸವಲ್ಲ

ಮಾಘ, ಫಾಲ್ಗುಣದ ಬೆಳಗ್ಗೆ ನಮ್ಮ ಊರುಗಳಲ್ಲಿ ಹೊಗೆಯ ವಾಸನೆ ಏಳುತ್ತದೆ. ಗುಡಿಸಿ ರಾಶಿ ಹಾಕಿದ ತರಗೆಲೆಗೆ ಬೆಂಕಿ ಇಟ್ಟಿರುತ್ತಾರೆ, ಅದೂ ಮರದ ಬುಡದಲ್ಲೇ. ತೊಗಟೆಯ ಒಳಗೆ, ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಇಳಿಸುವ ತೆಳುವಾದ ಪದರ ಇದೆ. ಬೆಂಕಿಯಿಂದ ಅದು ಸುತ್ತಲೂ ಬೆಂದರೆ ಬೇರು ಉಪವಾಸ ಬೀಳುತ್ತದೆ. ಮರಕ್ಕೆ ಬಿಗಿದ ತಂತಿ, ತೆಗೆಯದೆ ಬಿಟ್ಟ ಕಬ್ಬಿಣದ ಬೇಲಿ ಮಾಡುವುದೂ ಇದನ್ನೇ. ಜಾಹೀರಾತಿಗೆ ಹೊಡೆದ ಮೊಳೆಯಾದರೆ ರೋಗ ಒಳಹೊಗಲು ಬಾಗಿಲು ತೆರೆಯುತ್ತದೆ.

ತರಗೆಲೆಯ ಬೆಲೆ ಗೊತ್ತಾಗಬೇಕಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಜ್ಜಂದಿರನ್ನು ಕೇಳಬೇಕು. ಅಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟ ಇರುತ್ತದೆ. ಬೆಟ್ಟದ ಸೊಪ್ಪು, ದರಗು ಮೊದಲು ಕೊಟ್ಟಿಗೆಗೆ ಹೋಗಿ ದನಗಳಿಗೆ ಹಾಸಿಗೆಯಾಗುತ್ತದೆ. ಅಲ್ಲಿಂದ ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಬಿಸಿಲಿನಲ್ಲಿ ಮಣ್ಣು ಬರಿಮೈಯಲ್ಲಿ ಇರಬಾರದು, ಅದಕ್ಕೊಂದು ಹೊದಿಕೆ ಬೇಕು ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು. ಬೆಟ್ಟವನ್ನು ಬೋಳಿಸಿದರೆ ತೋಟವೂ ಉಳಿಯುವುದಿಲ್ಲ ಎಂಬುದೂ ಗೊತ್ತು. ನಗರಕ್ಕೆ ಬಂದ ಮೇಲೆ ಅದೇ ದರಗು ನಮಗೆ ಕಸವಾಗಿ ಕಂಡಿತು.

ಮಾಡುವುದು ಸುಲಭ. ಬಿದ್ದ ಎಲೆಯನ್ನು ಅದೇ ಮರದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಅಲ್ಲಿ ನಾಲ್ಕು ಬೆರಳು ಜಾಗ ಬಿಡಿ. ನೀರು ಬೇಗ ಆರುವುದಿಲ್ಲ, ಕಳೆ ಕಡಿಮೆ, ಎರೆಹುಳುವಿಗೆ ಊಟ. ಎರಡು ತಿಂಗಳು ಬಿಟ್ಟು ಹೊದಿಕೆ ಸರಿಸಿ ಮಣ್ಣು ಮೂಸಿ ನೋಡಿ, ಮೊದಲ ಮಳೆಯ ವಾಸನೆ ಬರುತ್ತದೆ.

ಮೂರು ಬೇಸಿಗೆ

ಗಿಡ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದು ಮೊದಲ ಎರಡು ಮೂರು ಬೇಸಿಗೆಯಲ್ಲಿ. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ್ದು ಎಲ್ಲರಿಗೂ ಗೊತ್ತು. ಆದರೆ ಹೇಗೆ? ಮೊದಲ ವರ್ಷ ಅವರೂ ಅವರ ಪತಿಯೂ ನೆಟ್ಟದ್ದು ಬರೀ 10 ಗಿಡ. ನೆಡಲು ಮಳೆಗಾಲವನ್ನೇ ಆರಿಸಿದರು. ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ಬೇಸಿಗೆಯಲ್ಲಿ ಮೈಲುಗಟ್ಟಲೆ ಕೊಡದಲ್ಲಿ ನೀರು ಹೊತ್ತರು. ಹೊತ್ತು ಸಾಕಲು ಆಗುವಷ್ಟನ್ನೇ ನೆಟ್ಟರು ಎಂಬುದು ನಾವು ಗಮನಿಸಬೇಕಾದ ಸಂಗತಿ. ಸಾವಿರ ಗಿಡ ನೆಟ್ಟು ಮರೆಯುವುದಕ್ಕಿಂತ ಹತ್ತು ನೆಟ್ಟು ಉಳಿಸುವುದು ಮೇಲು.

ನೀವು ಒಂದೇ ಗಿಡದಿಂದ ಶುರು ಮಾಡಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಬಿಚ್ಚಿಯೇ ಇಳಿಸಬೇಕು. ಎಷ್ಟೋ ಗಿಡಗಳು ಚೀಲದೊಳಗೇ ಬೇರು ಸುತ್ತಿಕೊಂಡು ಸಾಯುತ್ತವೆ. ಚೀಲದಲ್ಲಿ ಕಾಂಡ ಎಲ್ಲಿಯವರೆಗೆ ಮಣ್ಣಿನಲ್ಲಿತ್ತೋ ಅಲ್ಲಿಯವರೆಗೆ ಮಾತ್ರ ಹೂಳಿ. ಗೂಟಕ್ಕೆ ಕಟ್ಟುವಾಗ ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ.

ಇನ್ನು ನೀರು. ದಿನಾ ಒಂದು ಚೊಂಬು ಹಾಕಿದರೆ ಮೇಲಿನ ಮಣ್ಣಷ್ಟೇ ಒದ್ದೆಯಾಗಿ ಬೇರು ಮೇಲೆಯೇ ಉಳಿಯುತ್ತದೆ. ಅದರ ಬದಲು ವಾರಕ್ಕೆ ಎರಡು ಸಲ ಒಂದೊಂದು ಕೊಡಪಾನ ನೀರನ್ನು ನಿಧಾನವಾಗಿ ಪಾತಿಗೆ ಬಿಡಿ. ಬೇರು ನೀರನ್ನು ಹುಡುಕಿ ಕೆಳಗಿಳಿಯುತ್ತದೆ. ರಜೆಯಲ್ಲಿ ಊರಿಗೆ ಹೋಗಬೇಕೇ? ಒಂದು ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಿ. ನೀರು ಸಣ್ಣಗೆ ಜಿನುಗುತ್ತ ಕೆಲವು ದಿನ ಗಿಡವನ್ನು ಕಾಯುತ್ತದೆ.

ಅಜ್ಜ–ಮೊಮ್ಮಕ್ಕಳ ನೋಟ್‌ಬುಕ್

ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳು ಸಾಕು. ಗಿಡದ ಹೆಸರು, ನೆಟ್ಟ ದಿನ, ಎತ್ತರ ಬರೆಯಿರಿ. ಪ್ರತಿ ಯುಗಾದಿಗೆ ಮತ್ತೆ ಅಳೆಯಿರಿ. ಮೊದಲ ಹೂವು ಯಾವಾಗ, ಯಾವ ಹಕ್ಕಿ ಬಂತು, ಎಲೆ ಯಾವ ತಿಂಗಳು ಉದುರಿತು ಎಲ್ಲವನ್ನೂ ಬರೆಯಿರಿ. ಗಿಡ ದೊಡ್ಡದಾದ ಮೇಲೆ ಕಾಂಡದ ಸುತ್ತಳತೆ ತೆಗೆಯಬಹುದು. ನಮ್ಮ ಅರಣ್ಯ ಇಲಾಖೆಯವರು ಅಳೆಯುವುದು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ. ಒಂದು ದಾರ, ಒಂದು ಸ್ಕೇಲು ಇದ್ದರಾಯಿತು. ಬಗ್ಗಲು ಆಗದ ಅಜ್ಜಿ ಕುರ್ಚಿಯಲ್ಲಿ ಕೂತು ಅಂಕಿ ಬರೆದುಕೊಳ್ಳಲಿ.

ಮುಂದಿನ ಜೂನ್ 5ರಂದು ಅತಿಥಿಗಳು ಬಂದು "ಗುಂಡಿ ಎಲ್ಲಿ?" ಎಂದು ಕೇಳಿದರೆ, ಕಳೆದ ವರ್ಷದ ಗಿಡದ ಹತ್ತಿರ ಕರೆದುಕೊಂಡು ಹೋಗಿ. ನೋಟ್‌ಬುಕ್ ತೋರಿಸಿ. ಆಮೇಲೆ ಅವರ ಕೈಗೆ ಬಿಂದಿಗೆ ಕೊಡಿ.