ನೀರು ನೋಡಿ ಉಡುಪು

ಕೇರಳದ ಆಲುವದ ಮಣಪ್ಪುರಂ ಮರಳುದಂಡೆಯಲ್ಲಿ ನಿಂತು, ಕಯಾಕ್‌ನಲ್ಲಿ ಕೂತು ಗಾಳ ಹಾಕಲು ತಣ್ಣೀರಿಗೆ ಎಂಥ ಬಟ್ಟೆ ಒಳ್ಳೆಯದು ಎಂದು ಕೇಳಿ ನೋಡಿ. ಕೇಳಿಸಿಕೊಂಡವರು ನಗದೆ ಇರಲಾರರು. ಮಾರ್ಚ್ ಹೊತ್ತಿಗೆ ಪೆರಿಯಾರ್ ನದಿಯ ನೀರು ಇಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶಿವರಾತ್ರಿಯ ರಾತ್ರಿ ಬಲಿತರ್ಪಣಕ್ಕೆ ಬರುವ ಲಕ್ಷಾಂತರ ಜನ ನಡುಗದೆ ಅದೇ ನೀರಿನಲ್ಲಿ ಮುಳುಗೇಳುತ್ತಾರೆ. ಸ್ವಲ್ಪ ಮೇಲಕ್ಕೆ ಹೋದರೆ ಕಾಲಡಿ. ಬಾಲಕ ಶಂಕರರ ಕಾಲನ್ನು ಮೊಸಳೆ ಹಿಡಿಯಿತು ಎಂಬ ಕತೆ ನಡೆಯುವುದು ಇದೇ ನದಿಯಲ್ಲಿ. ಈಗ ಇಲ್ಲಿ ಕಾಲು ಹಿಡಿಯುವುದು ಮೊಸಳೆಯಲ್ಲ, ಒದ್ದೆ ಲುಂಗಿ.

ತಮಾಷೆಗೆ ಹೇಳಿದ್ದಲ್ಲ. ಕಯಾಕ್ ಕಲಿಸುವವರು ಲೋಕದ ಎಲ್ಲ ಕಡೆಯೂ ಮೊದಲ ದಿನ ಹೇಳುವ ಮಾತು ಒಂದೇ: ಬಿಸಿಲು, ಗಾಳಿ ನೋಡಿ ಬಟ್ಟೆ ಹಾಕಬೇಡಿ, ನೀರು ನೋಡಿ ಹಾಕಿ. ಒಂದಲ್ಲ ಒಂದು ದಿನ ಬೀಳುವುದು ಖಂಡಿತ. ಬಿದ್ದಾಗ ಮೈಮೇಲೆ ಏನಿದೆ ಎನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ. ಈ ಮಾತು ಅಮೆರಿಕದ ಸಿಯಾಟಲ್‌ನ ತಣ್ಣೀರಿನಲ್ಲಿ ಒಂದು ಅರ್ಥ ಕೊಟ್ಟರೆ ಆಲುವದಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಅಲ್ಲಿನ ಉಡುಪಿನ ಪಟ್ಟಿಯನ್ನು ಇಲ್ಲಿಗೆ ಹಾಗೆಯೇ ತಂದು, ಏಪ್ರಿಲ್ ಬಿಸಿಲಿನಲ್ಲಿ 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಏರಿಸಿಕೊಂಡು ಹೊರಟವನಿಗೆ ಚಳಿಗಿಂತ ಮೊದಲು ಬಿಸಿಲಿನ ಆಘಾತ ಬಡಿಯುತ್ತದೆ.

ಪಶ್ಚಿಮ ಘಟ್ಟದಿಂದ ಹರಿದು ಬರುವ, 244 ಕಿಲೋಮೀಟರ್ ಉದ್ದದ ಪೆರಿಯಾರ್ ಆಲುವದಲ್ಲಿ ಎರಡಾಗಿ ಒಡೆಯುತ್ತದೆ: ಒಂದು ಮಂಗಲಪ್ಪುಳ ಕವಲು, ಇನ್ನೊಂದು ಮಾರ್ತಾಂಡವರ್ಮ ಕವಲು. ಅಲ್ಲಿಂದ ಕೆಳಗೆ ವರಾಪ್ಪುಳ, ಕಡಮಕ್ಕುಡಿಯ ದ್ವೀಪಗಳ ಕಡೆಗೆ ಉಪ್ಪುನೀರು, ಸಿಹಿನೀರು ಬೆರೆಯುತ್ತವೆ. ಕರಿಮೀನು, ಕಾಳಾಂಜಿ, ಚೆಂಬಲ್ಲಿ ಸಿಗುವ ಜಾಗ. ಕಡಮಕ್ಕುಡಿಯಲ್ಲಿ ಕಯಾಕ್ ಈಗ ಪ್ರವಾಸಿಗರ ಮೆಚ್ಚಿನ ಆಟ. ನಮ್ಮ ಉಡುಪಿ ಕಡೆಯ ಸಾಲಿಗ್ರಾಮದ ಕಾಂಡ್ಲಾ ಕಾಡಿನ ನಡುವೆ ನಡೆಯುವ ಹಾಗೆಯೇ. ಆದರೆ ಸುಮ್ಮನೆ ಹುಟ್ಟು ಹಾಕಿ ತಿರುಗಾಡುವುದು ಬೇರೆ, ಮೀನು ಹಿಡಿಯುವುದು ಬೇರೆ. ತೇಜಸ್ವಿಯವರನ್ನು ಓದಿ ಗಾಳದ ಹುಚ್ಚು ಹಿಡಿಸಿಕೊಂಡ ನಮ್ಮಂಥವರಿಗೆ ಅದು ದಂಡೆಯಲ್ಲಿ ಕೂರುವ ಕೆಲಸ. ಕಯಾಕ್‌ನಲ್ಲಿ ಹಾಗಲ್ಲ. ಬೆನ್ನ ಹಿಂದಿನ ರಾಡ್ ಎತ್ತಿಕೊಳ್ಳಲು ಸೊಂಟ ತಿರುಗಿಸಬೇಕು, ಕೈಬಲೆ ಹಿಡಿದು ಪಕ್ಕಕ್ಕೆ ಬಗ್ಗಬೇಕು, ಲಂಗರು ಎಳೆಯಬೇಕು. ದೊಡ್ಡ ಮೀನು ಸಿಕ್ಕ ಸಂಭ್ರಮದಲ್ಲಿ ತೂಕ ಒಂದೇ ಬದಿಗೆ ಹೋಗುತ್ತದೆ. ಮಗುಚುವುದು ಆಗಲೇ.

ಮಗುಚಿದ ಮೇಲೆ ಏನಾಗುತ್ತದೆ ನೋಡಿ. ಗಾಳದವರು ಬಳಸುವುದು ಹೆಚ್ಚಾಗಿ ಮೇಲೆ ಕೂರುವ ಬಗೆಯ ಕಯಾಕ್. ಅದನ್ನು ನೀರಿನಲ್ಲೇ ನೆಟ್ಟಗೆ ಮಾಡಿ, ಪಕ್ಕದಿಂದ ಎರಡೂ ಕೈ ಚಾಚಿ ಹಿಡಿದು, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಹತ್ತಬೇಕು. ಕಾಲು ಬಡಿಯದೆ ಹತ್ತಲು ಬರುವುದಿಲ್ಲ. ಲುಂಗಿ, ಮುಂಡು ಒದ್ದೆಯಾದರೆ ಎರಡೂ ತೊಡೆಗಳನ್ನು ಸೇರಿಸಿ ಸುತ್ತಿಕೊಳ್ಳುತ್ತವೆ. ಕಾಲು ಬಡಿಯುವ ಮಾತೇ ಇಲ್ಲ. ಜೀನ್ಸ್ ಸುತ್ತಿಕೊಳ್ಳುವುದಿಲ್ಲ, ಆದರೆ ಅರ್ಧ ಮೈ ಮೇಲೆ ಬಂದಾಗ ಕುಡಿದ ನೀರನ್ನೆಲ್ಲ ಹೊತ್ತು ಹಿಂದಕ್ಕೆ ಜಗ್ಗುತ್ತದೆ. ಗಂಬೂಟಿನ ಕತೆಯೂ ಅದೇ. ನೀರು ತುಂಬಿದ ಬೂಟು ತಳಕ್ಕೆ ಎಳೆದೊಯ್ಯುತ್ತದೆ ಎಂಬ ನಂಬಿಕೆ ಅಷ್ಟು ನಿಜವಲ್ಲ. ನೀರಿನೊಳಗೆ ನೀರಿಗೆ ಭಾರವಿಲ್ಲ. ಈಜಲು ಬಿಡದಿರುವುದು, ಮೇಲೆ ಹತ್ತುವಾಗ ಕೈಕೊಡುವುದು ಅದರ ತಪ್ಪು. ಮಂಡಿಯವರೆಗಿನ ತೆಳು ನೈಲಾನ್ ಚಡ್ಡಿ, ಬೇಗ ಒಣಗುವ ತುಂಬುತೋಳಿನ ಪಾಲಿಯೆಸ್ಟರ್ ಅಂಗಿ: ಆಲುವಕ್ಕೆ ಇಷ್ಟು ಸಾಕು. ಅಂಗಿಯ ಬಣ್ಣ ಕಿತ್ತಳೆಯೋ ಹಳದಿಯೋ ಆಗಿರಲಿ, ಯಂತ್ರದ ದೋಣಿಯವರ ಕಣ್ಣಿಗೆ ಬೀಳುತ್ತದೆ.

ಉಳಿದ ದುಡ್ಡೆಲ್ಲ ಲೈಫ್ ಜಾಕೆಟ್‌ಗೆ ಹೋಗಲಿ. ಪೆರಿಯಾರ್‌ಗೆ ಈ ವಿಷಯದಲ್ಲಿ ಕಹಿ ನೆನಪುಗಳಿವೆ. 2007ರ ಫೆಬ್ರುವರಿ 20ರಂದು ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕರು ಹೋದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿ ಸರೋವರದಲ್ಲಿ ‘ಜಲಕನ್ಯಕ’ ದೋಣಿ ಮಗುಚಿ ಸತ್ತವರು 45 ಮಂದಿ. ಎರಡು ಕಡೆಯೂ ನೀರು ಕೊರೆಯುವಷ್ಟು ತಣ್ಣಗಿರಲಿಲ್ಲ. ಜಾಕೆಟ್ ಕೊಳ್ಳುವಾಗ ಅದರೊಳಗಿನ ಪಟ್ಟಿ ಓದಿ. 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವನಿಗೆ, ಎಚ್ಚರದಲ್ಲಿರುವವನಿಗೆ ತೇಲಲು ನೆರವಾಗುವ ಸಾಧನ ಅಷ್ಟೆ. ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವ ಕೆಲಸ ಅದರದಲ್ಲ. ಹುಟ್ಟು ಹಾಕಲು ಅಡ್ಡಿಯಾಗದ್ದರಿಂದ ಕಯಾಕ್‌ನವರು ಅದನ್ನೇ ಮೆಚ್ಚುತ್ತಾರೆ. ಈಜು ಬಾರದವರು 100 ನ್ಯೂಟನ್‌ನದನ್ನೋ ಅದಕ್ಕೂ ಹೆಚ್ಚಿನದನ್ನೋ ತೊಡಬೇಕು, ತೋಳು ಆಡಿಸಲು ತುಸು ಕಷ್ಟವಾದರೂ ಸರಿ. ಅಂಗಡಿಯಲ್ಲೇ ಎಲ್ಲ ಪಟ್ಟಿಗಳನ್ನು ಬಿಗಿದುಕೊಂಡು, ಜೊತೆಗಿದ್ದವರಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲು ಹೇಳಿ. ಜಾಕೆಟ್ ಕಿವಿಯ ತನಕ ಬಂದರೆ ಅದು ನಿಮ್ಮ ಅಳತೆಯದಲ್ಲ. ನೀರಿನಲ್ಲಿ ನೀವು ಕೆಳಗೆ, ಅದು ಮೇಲೆ. ಸೀಟಿನ ಕೆಳಗೆ ಮಡಚಿ ಇಟ್ಟ ಜಾಕೆಟ್ ಬಗ್ಗೆ ಹೇಳುವುದೇ ಬೇಡ.

ಕಾಲಿಗೇನು? ಬರಿಗಾಲು ಬೇಡ ಎನ್ನಲು ಆಲುವದಲ್ಲಿ ಒಂದು ವಿಶೇಷ ಕಾರಣವಿದೆ: ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ, ಚರ್ಮದ ಸಣ್ಣ ಗಾಯದ ಮೂಲಕ ಆ ರೋಗಾಣು ಮೈಯೊಳಗೆ ನುಗ್ಗುತ್ತದೆ. 2018ರ ಆಗಸ್ಟ್ ಪ್ರವಾಹ ಇಳಿದ ಮೇಲೆ ಕೇರಳ ಸರ್ಕಾರ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದ್ದು ಇದಕ್ಕೇ. ದಂಡೆಯ ಕೆಸರಿನಲ್ಲಿ ಒಡೆದ ಗಾಜು, ಕಪ್ಪೆಚಿಪ್ಪು ಎರಡೂ ಇರುತ್ತವೆ. ಗಟ್ಟಿ ಅಟ್ಟೆಯ, ನೀರು ಬಸಿದುಹೋಗುವ ಬೂಟು ಹಾಕಿದರೆ, ಕಯಾಕ್ ಇಳಿಸುವಾಗ ಕಾಲು ಕೊಯ್ದುಕೊಳ್ಳುವುದು ತಪ್ಪುತ್ತದೆ. ಮಲಯಾಳಿಗಳು ಕೂರಿ ಎನ್ನುವ, ಮಂಗಳೂರಿನವರು ತೇಡೆ ಎನ್ನುವ ಮೀನಿನ ಮುಳ್ಳು ಬರಿಗಾಲಿಗೆ ಚುಚ್ಚಿದರೆ ಅಂದಿನ ಬೇಟೆ ಅಲ್ಲಿಗೆ ಮುಗಿಯಿತು. ಇನ್ನು ಏಲೂರು, ಪಾತಾಳಂ ಕಡೆಯ ಕಾರ್ಖಾನೆಗಳ ನೀರು. 2024ರ ಮೇ ತಿಂಗಳಲ್ಲಿ ಅಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದನ್ನು ಕಂಡವರಿಗೆ ಅದಕ್ಕೆ ಯಾವ ಬಟ್ಟೆಯೂ ಉತ್ತರವಲ್ಲ ಎಂದು ಗೊತ್ತು.

ಹಾಗಾದರೆ ಚಳಿ ಎನ್ನುವುದು ಇಲ್ಲವೇ? ಇದೆ, ಮಳೆಗಾಲದಲ್ಲಿ. ನೀರು 33-35 ಡಿಗ್ರಿಗಿಂತ ತಣ್ಣಗಿದ್ದರೆ ಸುಮ್ಮನಿರುವ ಮೈ ಅದರಲ್ಲಿ ಶಾಖ ಕಳೆದುಕೊಳ್ಳುತ್ತಲೇ ಹೋಗುತ್ತದೆ; ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಜುಲೈಯಲ್ಲಿ ನೆನೆದ ಹತ್ತಿ ಬನಿಯನ್ ಹಾಕಿ, ಗಾಳಿಗೆ ಮೈಯೊಡ್ಡಿ ಎರಡು ತಾಸು ಕೂತವನ ಬೆರಳುಗಳಿಗೆ ಗಾಳದ ಗಂಟು ಹಾಕಲು ಬರುವುದಿಲ್ಲ. ಬೇಸಿಗೆಯಲ್ಲಿ ತಂಪು ಕೊಟ್ಟ ಅದೇ ಹತ್ತಿ ಆಗ ಶತ್ರು. ಪೆರಿಯಾರ್‌ಗೆ ಸೇರುವ ಮುದಿರಪುಳದ ಮೇಲ್ಭಾಗದಲ್ಲಿ, ಮುನ್ನಾರ್ ಬೆಟ್ಟಗಳಲ್ಲಿ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಕೂರುತ್ತದೆ. ಚಹಾ ತೋಟದ ಬ್ರಿಟಿಷರು ತಣ್ಣೀರಿನ ಮೀನಾದ ಟ್ರೌಟ್ ತಂದು ಬಿಟ್ಟದ್ದು ಅಲ್ಲಿಯೇ. ಆಲುವದ ಚಡ್ಡಿ, ಅಂಗಿ ಅಲ್ಲಿ ನಡೆಯದು.

ನೆನೆದೂ ಬೆಚ್ಚಗಿರುವ ವಿದ್ಯೆ ಮಲೆನಾಡಿನವರಿಗೆ ಹೊಸದಲ್ಲ. ಗದ್ದೆ ನೆಡುವಾಗ ಕಂಬಳಿಯ ಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ನಿಲ್ಲುತ್ತಿದ್ದರು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ, ನೆನೆದ ಮೇಲೂ ಎಳೆಗಳ ನಡುವೆ ಗಾಳಿ ಹಿಡಿದಿಟ್ಟು ಬೆಚ್ಚಗಿಡುತ್ತದೆ. ವಸ್ತು ಸರಿ, ಹೊಲಿಗೆ ಮಾತ್ರ ದೋಣಿಗಲ್ಲ: ತಲೆಯಿಂದ ಇಳಿಬಿಟ್ಟ ಕೊಪ್ಪೆ ನೀರಿಗೆ ಬಿದ್ದರೆ ಮುಖ ಮುಚ್ಚುತ್ತದೆ. ಮೈಗಂಟುವ ತೆಳು ಉಣ್ಣೆಯ ಬನಿಯನ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಇದ್ದರೆ ಕೊಪ್ಪೆಯ ಗುಣ ಸಿಕ್ಕಿತು, ದೋಷ ಹೋಯಿತು.

ನಿಜವಾದ ತಣ್ಣೀರು ಕಾದಿರುವುದು ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ಕೆಲಸಕ್ಕೆಂದು ಹೊರದೇಶಕ್ಕೆ ಹೋದವರಿಗೆ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ನಲ್ಲಿ ಜುಲೈಯ ಬಿಸಿಲು 25 ಡಿಗ್ರಿ, ನೀರು 13ರ ಆಸುಪಾಸು. ಟೀ ಶರ್ಟ್ ಹಾಕಿ ಸಾಮನ್ ಮೀನು ಹಿಡಿಯಲು ಹೊರಡುವುದು ಸುಲಭ. ಅಂಥ ನೀರಿಗೆ ಬಿದ್ದ ಕ್ಷಣ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ; ಆಗ ಬಾಯಿ ನೀರಿನೊಳಗಿದ್ದರೆ ಕತೆ ಅಲ್ಲಿಗೇ ಮುಗಿಯಬಹುದು. ತಣ್ಣೀರಿನ ಮೇಲೆ ಸಂಶೋಧನೆ ಮಾಡಿದ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ 1-10-1 ಎಂಬ ಲೆಕ್ಕವನ್ನು ಜನಪ್ರಿಯಗೊಳಿಸಿದರು: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಇದು ಕೊರೆಯುವ ನೀರಿನ ಲೆಕ್ಕ. ಮೈಯ ಶಾಖವೇ ಕುಸಿಯುವ ಹೈಪೊಥರ್ಮಿಯಾಕ್ಕೆ ಹೆದರುವವರು ಬಹಳ, ಆದರೆ ಜಾಕೆಟ್ ಇಲ್ಲದವರು ಅಲ್ಲಿಯವರೆಗೂ ಉಳಿಯುವುದೇ ಅಪರೂಪ.

ಕಯಾಕ್ ಹುಟ್ಟಿದ್ದೇ ಇಂಥ ನೀರಿನಲ್ಲಿ. ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರು ತೊಡುತ್ತಿದ್ದ ಸೀಲ್ ಚರ್ಮದ ತುಯಿಲಿಕ್ ಮುಖದ ಸುತ್ತ, ಮಣಿಕಟ್ಟಿನಲ್ಲಿ, ದೋಣಿಯ ಬಾಯಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿತ್ತು. ಮಗುಚಿದರೂ ಒಳಗೆ ನೀರಿಲ್ಲ. ಇಂದಿನ ಡ್ರೈಸೂಟ್ ನಂಬುವುದೂ ಅದನ್ನೇ. ಕುತ್ತಿಗೆಗೂ ಮಣಿಕಟ್ಟಿಗೂ ರಬ್ಬರಿನ ಪಟ್ಟಿ, ನೀರು ಬಿಡದ ಜಿಪ್. ಅದು ತಾನಾಗಿ ಬೆಚ್ಚಗಿಡುವುದಿಲ್ಲ, ಒಳಗಿನ ಉಣ್ಣೆ ಇಲ್ಲವೇ ಫ್ಲೀಸ್ ಬೆಚ್ಚಗಿಡಬೇಕು. ಜಿಪ್ ಎಳೆದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಎರಡು ಬೆರಳಿನಿಂದ ಸಡಿಲಿಸಿದರೆ ಒಳಗಿನ ಗಾಳಿ ಬುಸ್ಸೆಂದು ಹೊರಡುತ್ತದೆ. ವೆಟ್‌ಸೂಟ್‌ನದು ಬೇರೆ ದಾರಿ. 1950ರ ದಶಕದ ಆರಂಭದಲ್ಲಿ ಅದನ್ನು ರೂಪಿಸಿದ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಕಂಡುಕೊಂಡದ್ದು, ಮೈ ಒದ್ದೆಯಾದರೂ ಚಿಂತೆಯಿಲ್ಲ, ನಿಯೋಪ್ರೀನ್‌ನೊಳಗಿನ ಅನಿಲದ ಗುಳ್ಳೆಗಳೇ ಶಾಖ ಹಿಡಿಯುತ್ತವೆ ಎಂದು. ಅದಕ್ಕೆ ಅದು ಮೈಗೆ ಅಂಟಿರಬೇಕು. ಸಡಿಲ ವೆಟ್‌ಸೂಟ್ ದುಡ್ಡು ದಂಡ. ಗಾಳದವರಿಗೆ ತೋಳಿಲ್ಲದ, ಪೂರ್ತಿ ಕಾಲಿನದು ಅನುಕೂಲ, ಭುಜ ಹಿಡಿಯುವುದಿಲ್ಲ. ನೀರು 15 ಡಿಗ್ರಿಗಿಂತ ಕೆಳಗಿದ್ದರೆ ನನ್ನ ಮತ ಡ್ರೈಸೂಟ್‌ಗೆ, ದುಬಾರಿಯಾದರೂ.

ಎಲ್ಲಿಯ ನೀರಾದರೂ, ಹೊಸ ಉಡುಪನ್ನು ಎದೆಮಟ್ಟದ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಒಮ್ಮೆ ಬಿದ್ದು ನೋಡಬೇಕು. ಜಾಕೆಟ್‌ನ ಎದೆಯ ಜೇಬು ದಪ್ಪಗಿದ್ದರೆ ಹೊಟ್ಟೆಯ ಮೇಲೆ ಜಾರುವಾಗ ಕಯಾಕ್ ಅಂಚಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಆಗಲೇ ತಿಳಿಯುವುದು. ಆ ಜೇಬಿನಲ್ಲಿ ಇರಬೇಕಾದವು ಒಂದು ಸೀಟಿ, ದಾರ ಕತ್ತರಿಸುವ ಚಿಕ್ಕ ಚಾಕು, ನೀರು ಹೋಗದ ಚೀಲದಲ್ಲಿ ಫೋನ್. ಹೆಣೆದ ದಾರ ಕಾಲಿಗೆ ಸುತ್ತಿಕೊಂಡರೆ ಕೈಯಿಂದ ಹರಿಯಲು ಆಗದು. ಇವನ್ನು ಕಯಾಕ್‌ನ ಡಬ್ಬಿಯಲ್ಲಿ ಇಡುವವರೇ ಹೆಚ್ಚು. ಮಗುಚಿದ ಮೇಲೆ ಗಾಳಿ ಬೀಸಿದರೆ ಖಾಲಿ ಕಯಾಕ್ ಈಜುವವನಿಗಿಂತ ಬೇಗ ದೂರ ಹೋಗುತ್ತದೆ, ಡಬ್ಬಿಯೂ ಅದರ ಜೊತೆಗೇ.