ವಾಹನ ದುರಸ್ತಿ ಘಟಕಕ್ಕೆ ವೀಲ್ ಅಲೈನ್‌ಮೆಂಟ್ ಉಪಕರಣ: ಆಯ್ಕೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಸ್ವಚ್ಛ ವಾಹಿನಿಯ ಟೈರುಗಳು ಅವಧಿಗೆ ಮುನ್ನವೇ ಸವೆಯುತ್ತಿದ್ದಲ್ಲಿ, ಹೊಸ ಟೈರಿನ ಬಿಲ್ಲಿಗೆ ಅನುಮೋದನೆ ನೀಡುವ ಮೊದಲು ಸವೆತದ ಕಾರಣವನ್ನು ತಿಳಿಯುವುದು ಅವಶ್ಯಕ. ಚಕ್ರವು ಸಾಗುವ ದಿಕ್ಕಿಗೆ ಕೇವಲ ಅರ್ಧ ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರಿನಷ್ಟು ಅಡ್ಡಲಾಗಿ ಉಜ್ಜಲ್ಪಡುತ್ತದೆ. ಇದರ ಹೊರೆ ಪಂಚಾಯತಿಯ ನಿಧಿಯ ಮೇಲೆ ಬೀಳುವುದಲ್ಲದೆ, ವಾಹನವು ಒಂದು ಬದಿಗೆ ಎಳೆಯುವುದರಿಂದ ಚಾಲಕಿಯರ ಸುರಕ್ಷತೆಗೂ ಧಕ್ಕೆಯಾಗುತ್ತದೆ. ಹಲವು ಪಂಚಾಯತಿಗಳು ಸೇರಿ ದುರಸ್ತಿ ಘಟಕ ಸ್ಥಾಪಿಸಲು ಅಥವಾ ಸ್ವಸಹಾಯ ಸಂಘಗಳ ಒಕ್ಕೂಟದ ಘಟಕಕ್ಕೆ ನೆರವಾಗಲು ಉದ್ದೇಶಿಸಿದಲ್ಲಿ, ಮಾನ್ಯ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಬಹುದು.

ಅಳೆಯಬೇಕಾದುದು ಏನು?

ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗವು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವುದು ‘ಟೋ’. ಎದುರಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ವಾಲಿರುವುದು ‘ಕ್ಯಾಂಬರ್’. ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ತಿರುಗುವ ಅಕ್ಷವು ವಾಲಿರುವುದು ‘ಕ್ಯಾಸ್ಟರ್’. ಟೈರಿನ ಮೇಲ್ಮೈ ಗರಗಸದಂತೆ ಸವೆದಿದ್ದರೆ ಟೋ ದೋಷವನ್ನೂ, ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಕ್ಯಾಂಬರ್ ದೋಷವನ್ನೂ ಶಂಕಿಸಬಹುದು. ಮುಂಭಾಗದಲ್ಲಿ ಇಡಿಯಾದ ಆಕ್ಸಲ್ ಹಾಗೂ ಲೀಫ್ ಸ್ಪ್ರಿಂಗ್ ಇರುವ ವಾಹನಗಳಲ್ಲಿ ಸಾಮಾನ್ಯವಾಗಿ ಟೋ ಒಂದನ್ನೇ ಹೊಂದಿಸಲು ಅವಕಾಶವಿರುತ್ತದೆ.

ಉಪಕರಣದ ವಿಧಗಳು

1. ಟೋ ಗೇಜ್: ಸರಳ ಸಾಧನ, ವಿದ್ಯುತ್ ಬೇಡ. ಮೇಲೆ ಹೇಳಿದ ಇಡಿ ಆಕ್ಸಲ್ಲಿನ ವಾಹನಗಳಿಗೆ ಬಹುಮಟ್ಟಿಗೆ ಸಾಕಾಗುತ್ತದೆ.
2. ಸಿಸಿಡಿ ಯಂತ್ರ: ಪ್ರತಿ ಚಕ್ರಕ್ಕೂ ವಿದ್ಯುನ್ಮಾನ ಸೆನ್ಸರ್ ಕಟ್ಟಲಾಗುತ್ತದೆ. ಸೆನ್ಸರ್ ಕೆಳಗೆ ಬಿದ್ದಲ್ಲಿ ಮರು ಕ್ಯಾಲಿಬ್ರೇಶನ್ ಅಗತ್ಯ.
3. 3ಡಿ ಯಂತ್ರ: ಚಕ್ರಗಳಿಗೆ ಕಟ್ಟಿದ ಫಲಕಗಳನ್ನು ಕ್ಯಾಮೆರಾ ಗುರುತಿಸುತ್ತದೆ. ಕೆಲಸ ಶೀಘ್ರ, ಆದರೆ ವೆಚ್ಚ ಅಧಿಕ, ವಾಹನದ ಮುಂದೆ ಸ್ಥಳವೂ ಬೇಕು. ಖಾಸಗಿ ಕಾರುಗಳು ನಿಯಮಿತವಾಗಿ ಬರುವ ಘಟಕಕ್ಕೆ ಮಾತ್ರ ಸೂಕ್ತ.

ಖರೀದಿಗೆ ಮುನ್ನ

• ಘಟಕಕ್ಕೆ ಬರಲಿರುವ ವಾಹನಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸುವುದು. ಟಾಟಾ ಏಸ್‌ನಂತಹ ವಾಹನಗಳ 12 ಇಂಚಿನ ರಿಮ್ಮನ್ನು ಕ್ಲ್ಯಾಂಪ್ ಹಿಡಿಯುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.
• ನೆಲ ಅಥವಾ ಲಿಫ್ಟ್ ಸಮತಟ್ಟಾಗಿರಬೇಕು. ಇಳಿಜಾರಿನಲ್ಲಿ ಅತ್ಯುತ್ತಮ ಯಂತ್ರವೂ ತಪ್ಪು ಅಳತೆ ನೀಡುತ್ತದೆ.
• ದರಪಟ್ಟಿಯಲ್ಲಿ ಅಳವಡಿಕೆ, ತರಬೇತಿ, ಕ್ಯಾಲಿಬ್ರೇಶನ್, ತಂತ್ರಾಂಶ ನವೀಕರಣ ಹಾಗೂ ಯುಪಿಎಸ್ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಲು ಕೋರುವುದು.
• ಪ್ರಾತ್ಯಕ್ಷಿಕೆಯಲ್ಲಿ ಒಂದೇ ವಾಹನವನ್ನು ಅಳೆದು, ಕ್ಲ್ಯಾಂಪುಗಳನ್ನು ಬಿಚ್ಚಿ, ಮರಳಿ ಕಟ್ಟಿ ಅಳೆಯಿಸುವುದು. ಎರಡು ಅಳತೆಗಳು ಹೊಂದದಿದ್ದಲ್ಲಿ ಆ ಉಪಕರಣವನ್ನು ಒಪ್ಪಬಾರದು.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿರತಕ್ಕದ್ದು. ತಾಂತ್ರಿಕ ವಿವರಣೆಯು ಯಾವುದೇ ಒಂದು ಕಂಪನಿಯ ಕೈಪಿಡಿಯ ನಕಲಾಗಿರಬಾರದು.

ಒಂದೆರಡು ವಾಹನಗಳಷ್ಟೇ ಇರುವ ಪಂಚಾಯತಿಗೆ ಸ್ವಂತ ಯಂತ್ರದ ಅಗತ್ಯವಿಲ್ಲ. ಹೊರಗಿನ ಘಟಕದಲ್ಲಿ ಕೆಲಸ ಮಾಡಿಸಿ, ಹೊಂದಾಣಿಕೆಯ ಮುಂಚಿನ ಹಾಗೂ ನಂತರದ ಅಳತೆಗಳ ಮುದ್ರಿತ ಪ್ರತಿಯನ್ನು ಬಿಲ್ಲಿನೊಂದಿಗೆ ಪಡೆಯುವುದು ಮಿತವ್ಯಯಕರ. ಯಾವುದೇ ಸಂದರ್ಭದಲ್ಲಿ ಟೈರಿನ ಗಾಳಿ, ಕಿಂಗ್ ಪಿನ್, ಟೈ ರಾಡ್ ತುದಿ ಮತ್ತು ಬೇರಿಂಗ್‌ಗಳನ್ನು ಮೊದಲು ಪರೀಕ್ಷಿಸತಕ್ಕದ್ದು. ಇವು ಸಡಿಲವಾಗಿದ್ದಲ್ಲಿ, ಎಷ್ಟೇ ಬೆಲೆಬಾಳುವ ಯಂತ್ರದಿಂದ ಮಾಡಿದ ಅಲೈನ್‌ಮೆಂಟ್ ಸಹ ಉಳಿಯಲಾರದು.